ತಗಡು ತಟ್ಟಿದರೆ ತಿಳಿಯದ್ದು: ತುಮಕೂರಿನ ಹೆದ್ದಾರಿಯಲ್ಲಿ ಟಾಟಾ ನೆಕ್ಸಾನ್

ನಮ್ಮ ತುಮಕೂರಿನಲ್ಲಿ ಕಾರು ನೋಡಲು ಹೋದವರು ಮೊದಲು ಮಾಡುವ ಪರೀಕ್ಷೆ ಬಾನೆಟ್ ತಟ್ಟುವುದು, ಎರಡನೆಯದು ಬಾಗಿಲನ್ನು ಧಡ್ ಎಂದು ಮುಚ್ಚುವುದು. ಒಂದೂವರೆ ವರ್ಷದ ಹಿಂದೆ ನಾನು ಟಾಟಾ ನೆಕ್ಸಾನ್ ಕೊಳ್ಳಲು ಹೋದಾಗ ಜೊತೆಗೆ ಬಂದಿದ್ದ ನಮ್ಮ ಮಾವನವರು ಈ ಎರಡನ್ನೂ ಶ್ರದ್ಧೆಯಿಂದ ಮಾಡಿ, "ತಗಡು ಪರವಾಗಿಲ್ಲ, ಗಟ್ಟಿ ಇದೆ" ಎಂದು ತೀರ್ಪು ಕೊಟ್ಟರು. ಮಾರಾಟಗಾರ ಹುಡುಗನೂ ಹೂಂಗುಟ್ಟಿದ. ಸನ್‌ರೂಫ್ ಬಗ್ಗೆ, ಪರದೆಯ ಅಳತೆಯ ಬಗ್ಗೆ ಅರ್ಧ ಗಂಟೆ ಮಾತನಾಡಿದ ಅವನು, ಡಿಕ್ಕಿಯಾದರೆ ಒಳಗಿರುವವರಿಗೆ ಏನಾಗುತ್ತದೆ ಎಂಬುದರ ಬಗ್ಗೆ ನಾನಾಗಿ ಕೇಳುವವರೆಗೂ ಬಾಯಿ ಬಿಡಲಿಲ್ಲ.

ನಾನು ಅದನ್ನೇ ಕೇಳಲು ಕಾರಣವಿತ್ತು. ಹಿಂದೆ ನಮ್ಮಲ್ಲಿ ಬೇರೊಂದು ಕಂಪನಿಯ, ಏರ್‌ಬ್ಯಾಗ್ ಇಲ್ಲದ ಹಳೆಯ ಕಾರೊಂದಿತ್ತು, ಹೆಸರು ಬೇಡ. ಹಿರೇಹಳ್ಳಿಯ ಬಳಿ ಸರಕಿನ ಟೆಂಪೊ ಒಂದು ಅಡ್ಡ ಬಂದು, ಗಂಟೆಗೆ ಸುಮಾರು 50 ಕಿ.ಮೀ. ವೇಗದಲ್ಲಿದ್ದ ನಮ್ಮ ಕಾರು ಅದಕ್ಕೆ ಬಡಿಯಿತು. ನೆರೆದ ಜನ ಕಾರಿನ ಮೂತಿ ನೋಡಿ, ಇಷ್ಟು ಬಡಿದರೂ ಏನೂ ಆಗಿಲ್ಲ, ಗಟ್ಟಿ ಗಾಡಿ ಎಂದು ಹೊಗಳುತ್ತಿದ್ದರು. ಒಳಗೆ ನನ್ನ ಮಂಡಿ ಡ್ಯಾಶ್‌ಬೋರ್ಡಿನ ಕೆಳ ಅಂಚಿಗೆ ಬಡಿದು ಚಿಪ್ಪು ಬಿರುಕು ಬಿಟ್ಟಿತ್ತು. ಹಿಂದಿನ ಸೀಟಿನಲ್ಲಿ ಬೆಲ್ಟ್ ಇಲ್ಲದೆ ಕೂತಿದ್ದ ಅಮ್ಮ ಮುಂದಿನ ಸೀಟಿಗೆ ಬಡಿದು ಮಣಿಕಟ್ಟು ಮುರಿದುಕೊಂಡಿದ್ದರು. ಕಾರು ಗಟ್ಟಿಯಾಗಿ ಉಳಿದದ್ದೇ ನಮಗೆ ಮುಳುವಾಗಿತ್ತು ಎಂಬುದು ಆಗ ನನಗೆ ಹೊಳೆದಿರಲಿಲ್ಲ.

ಡಿಕ್ಕಿ ಎಂಬುದು ವಾಸ್ತವವಾಗಿ ಮೂರು ಡಿಕ್ಕಿಗಳು. ಕಾರು ಎದುರಿನದಕ್ಕೆ ಬಡಿಯುತ್ತದೆ, ಅದೇ ವೇಗದಲ್ಲಿ ಸಾಗುತ್ತಿರುವ ದೇಹ ಕಾರಿನ ಒಳಭಾಗಕ್ಕೋ ಬೆಲ್ಟಿಗೋ ಬಡಿಯುತ್ತದೆ, ಕೊನೆಗೆ ದೇಹದೊಳಗಿನ ಮಿದುಳು, ಯಕೃತ್ತು, ರಕ್ತನಾಳಗಳು ತಮ್ಮ ಗೂಡಿನ ಗೋಡೆಗೆ ಬಡಿಯುತ್ತವೆ. ವಿನ್ಯಾಸಕಾರನ ಕೈಯಲ್ಲಿರುವುದು ದೇಹ ನಿಲ್ಲಲು ಸಿಗುವ ದೂರವನ್ನು ಹಿಗ್ಗಿಸುವುದು. ಲೆಕ್ಕ ಸರಳ: 50 ಕಿ.ಮೀ. ವೇಗದಿಂದ 20 ಸೆಂಟಿಮೀಟರಿನಲ್ಲಿ ನಿಂತರೆ ದೇಹದ ಮೇಲೆ ಬೀಳುವ ಸರಾಸರಿ ಬಲ ಅದರ ತೂಕದ ಸುಮಾರು 49 ಪಟ್ಟು. 60 ಸೆಂಟಿಮೀಟರಿನಲ್ಲಿ ನಿಂತರೆ ಸುಮಾರು 16 ಪಟ್ಟು. ಆದ್ದರಿಂದಲೇ ಒಳ್ಳೆಯ ಕಾರಿನ ಮೂತಿ ಕ್ರಮಬದ್ಧವಾಗಿ ನಜ್ಜುಗುಜ್ಜಾಗಬೇಕು, ಜನ ಕೂರುವ ಗೂಡು ಮಾತ್ರ ಕದಲಬಾರದು. ಮರ್ಸಿಡಿಸ್ ಕಂಪನಿಯ ಎಂಜಿನಿಯರ್ ಬೇಲಾ ಬರೆನ್ಯಿ ಈ ತತ್ತ್ವವನ್ನು ರೂಪಿಸಿದರು. 1959ರಲ್ಲಿ ಅದು ಮಾರಾಟದ ಕಾರಿಗೆ ಇಳಿಯಿತು. ಅದೇ ವರ್ಷ ವೋಲ್ವೊದ ನಿಲ್ಸ್ ಬೋಲಿನ್ ಇಂದಿನ ಮೂರು ಬಿಂದುಗಳ ಸೀಟ್ ಬೆಲ್ಟನ್ನು ಕೊಟ್ಟರು. ಬಾನೆಟ್ಟಿನ ತಗಡಿನ ದಪ್ಪಕ್ಕೂ ಇದ್ಯಾವುದಕ್ಕೂ ಹೇಳಿಕೊಳ್ಳುವಂಥ ನಂಟಿಲ್ಲ ಎಂದು ಮಾವನವರಿಗೆ ಹೇಳಿದ್ದೇನೆ, ಅವರು ಒಪ್ಪಿಲ್ಲ.

ನೆಕ್ಸಾನ್ ಈ ವಿಷಯದಲ್ಲಿ ಬಂದಿರುವ ದಾರಿ ಗಮನಿಸತಕ್ಕದ್ದು. ಕಾರುಗಳನ್ನು ಬಡಿಸಿ ನೋಡಿ ಸುರಕ್ಷತೆಗೆ ಐದರವರೆಗೆ ನಕ್ಷತ್ರ ಕೊಡುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಪರೀಕ್ಷೆಯಲ್ಲಿ 2018ರ ಡಿಸೆಂಬರಿನಲ್ಲಿ ಇದಕ್ಕೆ ದೊಡ್ಡವರ ರಕ್ಷಣೆಯಲ್ಲಿ 5 ನಕ್ಷತ್ರ ಸಿಕ್ಕಿತ್ತು, ಆದರೆ ಮಕ್ಕಳ ರಕ್ಷಣೆಯಲ್ಲಿ 3 ಮಾತ್ರ. ನಿಯಮಗಳು ಬಿಗಿಯಾದ ಮೇಲೆ, 2024ರ ಫೆಬ್ರವರಿಯಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎರಡರಲ್ಲೂ 5 ಬಂತು, ಕಾರಿನ ಗೂಡು ಸ್ಥಿರವೆಂಬ ಷರಾ ಸಹಿತ. ಪರೀಕ್ಷೆಯಲ್ಲಿ ಕಾರನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ, ಮೂತಿಯ ಶೇ. 40ರಷ್ಟು ಭಾಗ ಮಾತ್ರ ತಾಗುವಂತೆ ಕುಗ್ಗುವ ತಡೆಯೊಂದಕ್ಕೆ ಬಡಿಸುತ್ತಾರೆ. ಇದು ಹೆಚ್ಚುಕಡಿಮೆ ಅದೇ ತೂಕದ ಇನ್ನೊಂದು ಕಾರು ಎದುರು ಬಂದು ಬಡಿದಂತೆ. ಈಗಿನ ಮಾದರಿಯಲ್ಲಿ ಆರು ಏರ್‌ಬ್ಯಾಗ್‌ಗಳು, ಎಲ್ಲ ಸೀಟುಗಳಿಗೂ ಮೂರು ಬಿಂದುಗಳ ಬೆಲ್ಟ್, ಜಾರುವ ಕಾರನ್ನು ಹಿಡಿತಕ್ಕೆ ತರುವ ಇಎಸ್‌ಪಿ ವ್ಯವಸ್ಥೆ, ಮಗುವಿನ ಸೀಟು ಸಿಕ್ಕಿಸುವ ಐಸೋಫಿಕ್ಸ್ ಕೊಂಡಿಗಳು ಕೆಳಗಿನ ಬೆಲೆಯ ಆವೃತ್ತಿಯಿಂದಲೇ ಬರುತ್ತವೆ. ನನ್ನ ಮಟ್ಟಿಗೆ ಈ ಕಾರಿನ ದೊಡ್ಡ ಗುಣ ಇದೇ. ಕಡಿಮೆ ಹಣ ಕೊಟ್ಟವನ ಪಕ್ಕೆಲುಬು ಕಡಿಮೆ ಬೆಲೆಯದಲ್ಲ.

ಹಿಂದಿನ ನಡು ಸೀಟಿಗೂ ಭುಜದ ಬೆಲ್ಟ್ ಇರುವುದು ಸಣ್ಣ ಸಂಗತಿಯಂತೆ ಕಾಣುತ್ತದೆ. ಹಳೆಯ ಕಾರುಗಳ ಆ ಸೀಟಿನಲ್ಲಿ ಸೊಂಟಕ್ಕೆ ಮಾತ್ರ ಪಟ್ಟಿ ಇರುತ್ತಿತ್ತು. ಡಿಕ್ಕಿಯಲ್ಲಿ ದೇಹ ಅದರ ಮೇಲೆ ಮಡಚಿಕೊಂಡು ಕರುಳಿಗೂ ಬೆನ್ನುಹುರಿಗೂ ಪೆಟ್ಟಾಗುತ್ತಿತ್ತು. ಬೆಲ್ಟಿನ ಕೆಳಪಟ್ಟಿ ಹೊಟ್ಟೆಯ ಮೆತ್ತನೆಯ ಭಾಗದ ಮೇಲಲ್ಲ, ಸೊಂಟದ ಎರಡು ಎಲುಬುಗಳ ಮೇಲೆ ಕೂರಬೇಕು; ಮೇಲಿನದು ಕೊರಳೆಲುಬನ್ನು ಹಾದು ಎದೆಯ ನಡುವೆ ಇಳಿಯಬೇಕು. ನನ್ನ ಅಮ್ಮ ಕುಳ್ಳಗಿರುವುದರಿಂದ ಯಾವ ಕಾರಿನಲ್ಲಿ ಕೂತರೂ ಪಟ್ಟಿ ಅವರ ಕುತ್ತಿಗೆಗೆ ತಾಗಿ ಮಾಂಗಲ್ಯದ ಸರವನ್ನು ಒತ್ತುತ್ತದೆ. ಕೆಲವು ದಿನ ಅವರು ಅದನ್ನು ಸದ್ದಿಲ್ಲದೆ ಕಂಕುಳ ಕೆಳಗೆ ತೂರಿಸಿಕೊಂಡು ಕೂರುತ್ತಿದ್ದರು. ಹಾಗೆ ಕೂತರೆ ಇಡೀ ಬಲ ಕೆಳಗಿನ ಪಕ್ಕೆಲುಬುಗಳ ಮೇಲೆ, ಅವುಗಳ ಹಿಂದಿರುವ ಯಕೃತ್ತು ಮತ್ತು ಗುಲ್ಮದ (ಸ್ಪ್ಲೀನ್) ಮೇಲೆ ಬೀಳುತ್ತದೆ. "ಹಿಂದೆ ಕೂತವರಿಗೂ ಯಾಕಪ್ಪ ಈ ಪಟ್ಟಿ?" ಎಂದು ಕೇಳಿದ ಅಮ್ಮನಿಗೆ ನಾನು ಏನೂ ಹೇಳಲಿಲ್ಲ, ಅವರ ಮಣಿಕಟ್ಟಿನ ಕಡೆ ನೋಡಿದೆ. ಈಗ ಸರವನ್ನು ರವಿಕೆಯೊಳಗೆ ಸರಿಸಿ, ಬೆನ್ನಿಗೆ ಒರಗಿ ನೆಟ್ಟಗೆ ಕೂತರೆ ಪಟ್ಟಿ ಭುಜದ ಮೇಲೆ ಸರಿಯಾಗಿ ನಿಲ್ಲುತ್ತದೆ.

ಕಂಪನಿ ಕೊಟ್ಟದ್ದನ್ನು ಕೆಡಿಸುವ ಕೆಲಸ ಬಿಡಿಭಾಗಗಳ ಅಂಗಡಿಯಲ್ಲಿ ಶುರುವಾಗುತ್ತದೆ. ಕಾರು ಬಂದ ವಾರದಲ್ಲೇ ಊರಿನ ಒಂದು ಅಂಗಡಿಯಲ್ಲಿ ರೆಕ್ಸಿನ್ ಸೀಟ್ ಕವರ್ ಹಾಕಿಸಿದೆ. ಮನೆಗೆ ಬಂದು ನೋಡಿದರೆ, ಮುಂದಿನ ಸೀಟಿನ ಹೊರ ಅಂಚಿನಲ್ಲಿ ಏರ್‌ಬ್ಯಾಗ್ ಎಂದು ಬರೆದಿದ್ದ ಬೆರಳಗಲದ ಚೀಟಿ ಕಾಣೆಯಾಗಿತ್ತು. ಅದರ ಮೇಲೆ ದಪ್ಪ ದಾರದ ಜೋಡಿ ಹೊಲಿಗೆ ಬಿಗಿದಿದ್ದರು. ಪಕ್ಕದಿಂದ ಡಿಕ್ಕಿಯಾದಾಗ ಎದೆಗೂ ಬಾಗಿಲಿಗೂ ನಡುವೆ ಇರುವುದು ಒಂದು ಗೇಣು ಜಾಗ. ಅಲ್ಲಿ ಕಣ್ಣು ಮಿಟುಕಿಸುವುದರೊಳಗೆ ಅರಳಬೇಕಾದ ಚೀಲ ಆ ಹೊಲಿಗೆಯನ್ನು ಹರಿದು ಹೊರಬರುತ್ತದೆಂಬ ಭರವಸೆ ನನಗಿರಲಿಲ್ಲ. ಅಂಗಡಿಯವರು "ಎಲ್ಲರೂ ಹಾಕಿಸ್ತಾರೆ ಸಾರ್, ಏನೂ ಆಗಲ್ಲ" ಎಂದರು. ದುಡ್ಡು ವಾಪಸು ಕೊಡಲಿಲ್ಲ. ನಾನೇ ಕತ್ತರಿ ಹಿಡಿದು ಕವರ್ ಬಿಚ್ಚಿದೆ. ಅದೇ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಬೆಲ್ಟಿನ ಎಚ್ಚರಿಕೆ ಸದ್ದನ್ನು ಅಡಗಿಸುವ ಕ್ಲಿಪ್ಪುಗಳೂ ಇದ್ದವು. ಇವನ್ನು ಮಾರದಂತೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರಲ್ಲಿ ಐದು ಆನ್‌ಲೈನ್ ಮಾರಾಟ ಸಂಸ್ಥೆಗಳಿಗೆ ಆದೇಶಿಸಿದೆ. ಬಂಪರಿನ ಮುಂದೆ ಕೂರಿಸುವ ಕಬ್ಬಿಣದ ಬುಲ್ ಬಾರ್ ಮಾತು ಬೇಡವೇ ಬೇಡ: ಕುಗ್ಗಬೇಕಾದ ಮೂತಿ ಕುಗ್ಗುವ ಮುನ್ನವೇ ಅದು ಪೆಟ್ಟನ್ನು ನೇರವಾಗಿ ಒಳಗೆ ದಾಟಿಸುತ್ತದೆ.

ಇಷ್ಟಾದರೂ ಐದು ನಕ್ಷತ್ರಗಳಿಗೆ ಒಂದು ಎಲ್ಲೆ ಇದೆ. ಗಂಟೆಗೆ 64 ಕಿ.ಮೀ.ಗೆ ಹೋಲಿಸಿದರೆ 100 ಕಿ.ಮೀ. ವೇಗದಲ್ಲಿ ಕಾರು ಹೊತ್ತಿರುವ ಶಕ್ತಿ ಸುಮಾರು ಎರಡೂವರೆ ಪಟ್ಟು. ತುಮಕೂರಿನಿಂದ ಶಿರಾ ಕಡೆಗೆ ಆರು ಪಥದ ರಸ್ತೆಯಲ್ಲಿ ಆ ವೇಗ ಯಾರಿಗೂ ವೇಗವೆನಿಸುವುದಿಲ್ಲ. ಆ ದಾರಿಯ ಢಾಬಾಗಳ ಮುಂದೆ ರಾತ್ರಿ ದೀಪವಿಲ್ಲದೆ ನಿಂತಿರುವ ಲಾರಿಗಳಿಗೆ ಹಿಂದಿನಿಂದ ಬಡಿದರೆ, ಹಿಂಬದಿಯ ತಡೆಪಟ್ಟಿ ಇಲ್ಲದಿರುವಲ್ಲಿ ಅಥವಾ ತುಕ್ಕು ಹಿಡಿದಿರುವಲ್ಲಿ, ಕಾರಿನ ಮೂತಿ ಲಾರಿಯ ಅಡಿಗೆ ನುಸುಳಿ ಮೊದಲ ಪೆಟ್ಟು ವಿಂಡ್‌ಶೀಲ್ಡಿಗೇ ಬೀಳುತ್ತದೆ. ಕುಗ್ಗುವ ಮೂತಿಗೆ ಅಲ್ಲಿ ಕೆಲಸವೇ ಇಲ್ಲ. 2024ರ ಡಿಸೆಂಬರ್ 21ರಂದು ಇದೇ ಹೆದ್ದಾರಿಯಲ್ಲಿ, ನೆಲಮಂಗಲದ ಬಳಿ, ಜಗತ್ತಿನ ಅತಿ ಸುರಕ್ಷಿತ ಕಾರುಗಳ ಸಾಲಿನಲ್ಲಿ ನಿಲ್ಲುವ ಒಂದು ಕಾರಿನ ಮೇಲೆ ಕಂಟೇನರ್ ಮಗುಚಿ ಒಂದೇ ಕುಟುಂಬದ ಆರು ಮಂದಿ ಸತ್ತರು. ಆದ್ದರಿಂದ ನಾನು ಈ ಕಾರನ್ನು ಕತ್ತಲಾದ ಮೇಲೆ 80ರ ಮೇಲೆ ಓಡಿಸುವುದಿಲ್ಲ, ಎಡಪಥವನ್ನು ಬಿಟ್ಟೇ ಸಾಗುತ್ತೇನೆ.

ಕೊಳ್ಳುವವರಿಗೆ ನನ್ನ ಸಲಹೆ, ಸನ್‌ರೂಫ್ ಇರುವ ಆವೃತ್ತಿಗೆ ಏರುವ ಬದಲು ಆ ಹಣದ ಒಂದು ಪಾಲನ್ನು ಮಗುವಿನ ಸೀಟಿಗೆ ತೆಗೆದಿಡಿ. ನಾನು ವಿಚಾರಿಸಿದ ಎರಡು ಅಂಗಡಿಗಳಲ್ಲಿ ಅದು ಸಿಗದೆ ಬೆಂಗಳೂರಿನಿಂದ ತರಿಸಬೇಕಾಯಿತು. ನಾಲ್ಕು ವರ್ಷದ ಮಗಳ ಸೀಟಿನ ಎರಡು ಕೊಂಡಿಗಳೂ ಕಟಕ್ ಎಂದು ಕೂತು, ಎರಡೂ ಬದಿಯ ಗುರುತುಗಳು ಹಸಿರಿಗೆ ತಿರುಗುವವರೆಗೂ ನಾನು ಕಾರು ಚಾಲೂ ಮಾಡುವುದಿಲ್ಲ. ಈಗ ಆ ಹಸಿರನ್ನು ಬಗ್ಗಿ ನೋಡಿ "ಆಯ್ತು ಅಪ್ಪ, ಹೊರಡು" ಎನ್ನುವುದು ಅವಳದೇ ಕೆಲಸ.