ರೂಗರ್ 10/22ಗೆ ಮ್ಯಾಗ್‌ಪುಲ್ ಹಂಟರ್ ಎಕ್ಸ್-22 ಸ್ಟಾಕ್: ನಾಲ್ಕು ವರ್ಷ ಬಳಸಿದ ಮೇಲೆ

ನಾನಿರುವುದು ಟೆಕ್ಸಸ್‌ನ ಹ್ಯೂಸ್ಟನ್‌ನಲ್ಲಿ. ಊರು ತೀರ್ಥಹಳ್ಳಿ ಕಡೆ. ತೋಟಕ್ಕೆ ಬರುವ ಮಂಗ ಓಡಿಸಲು ಅಜ್ಜನ ಹತ್ತಿರ ಒಂದು ಕೇಪಿನ ಕೋವಿ ಇತ್ತು. ಅದನ್ನು ಮುಟ್ಟಿದರೆ ಬೆನ್ನಿಗೆ ಬೀಳುತ್ತಿತ್ತು. ಹಾಗಾಗಿ ಬಂದೂಕು ಹಿಡಿದದ್ದು ಇಲ್ಲಿಗೆ ಬಂದ ಮೇಲೇ, ಅದೂ ಗ್ರೀನ್ ಕಾರ್ಡ್ ಕೈಗೆ ಸಿಕ್ಕ ಮೇಲೆ. ಇದನ್ನು ಯಾಕೆ ಹೇಳಿದೆ ಅಂದರೆ, ಎಚ್-1ಬಿ ಕೆಲಸದ ವೀಸಾದಲ್ಲಿ ಇರುವವರಿಗೆ ಬಂದೂಕು ಇಟ್ಟುಕೊಳ್ಳಲು ಇಲ್ಲಿನ ಕೇಂದ್ರ ಕಾನೂನು ಸಾಮಾನ್ಯವಾಗಿ ಬಿಡುವುದಿಲ್ಲ. ಬೇಟೆ ಲೈಸೆನ್ಸ್ ಇದ್ದರೆ ಅನ್ನುವಂಥ ಕೆಲವು ವಿನಾಯಿತಿ ಇವೆ, ಅಷ್ಟೇ. ಗೆಳೆಯರ ಮಾತು ನಂಬಿ ಮುಂದೆ ಹೋಗಬೇಡಿ.

ನನ್ನದು ರೂಗರ್ 10/22. ಪಾಯಿಂಟ್ 22 ತೋಟಾ ಹಾಕುವ ಸೆಮಿ ಆಟೋ ರೈಫಲ್ (ಒಂದು ಸಲ ಟ್ರಿಗರ್ ಎಳೆದರೆ ಒಂದು ಗುಂಡು, ಮುಂದಿನ ತೋಟಾ ತಾನಾಗಿ ಏರುತ್ತದೆ), 1964ರಿಂದ ಬರುತ್ತಿರುವ ಮಾಡೆಲ್. ಊರಲ್ಲಿ ಸ್ಪ್ಲೆಂಡರ್ ಬೈಕಿಗೆ ಹೇಗೆ ಎಲ್ಲಿ ಹೋದರೂ ಪಾರ್ಟ್ಸ್ ಸಿಗುತ್ತೋ, ಇಲ್ಲಿ ಇದಕ್ಕೆ ಹಾಗೆ. ತೊಂದರೆ ಶುರುವಾಗುವುದೂ ಅಲ್ಲೇ. ಎಲ್ಲ ಪೆಟ್ಟಿಗೆಯ ಮೇಲೂ "10/22ಗೆ ಹೊಂದುತ್ತದೆ" ಅಂತಲೇ ಬರೆದಿರುತ್ತದೆ. ಯಾವ 10/22ಗೆ?

2020ರಲ್ಲಿ ಮರದ ಸ್ಟಾಕ್ (ಬಂದೂಕಿನ ಲೋಹದ ಭಾಗ ಕೂರುವ, ಹೆಗಲಿಗೆ ಒತ್ತಿ ಹಿಡಿಯುವ ಕಟ್ಟು) ಇರುವ ಮಾಮೂಲಿ ಕಾರ್ಬೈನ್, ಅಂದರೆ ಗಿಡ್ಡ ರೈಫಲ್, ತಗೊಂಡೆ. ಮರುವರ್ಷ ಹುಚ್ಚು ಹಿಡಿದು ಬ್ಯಾರಲ್, ಅಂದರೆ ನಳಿಗೆ, ಬದಲಿಸಿದೆ. ಕಂಪನಿಯಿಂದ ಬರುವ ಬ್ಯಾರಲ್ ತುದಿಗೆ ಹೋದಂತೆ ಸಣ್ಣಗಾಗುತ್ತದೆ. ನಾನು ಹಾಕಿದ್ದು ಬುಲ್ ಬ್ಯಾರಲ್. ಉದ್ದಕ್ಕೂ 0.920 ಇಂಚು, ಅಂದರೆ 23 ಮಿಲಿಮೀಟರ್‌ಗಿಂತ ಒಂಚೂರು ಜಾಸ್ತಿ ದಪ್ಪ. ಬ್ಯಾರಲ್ ಬದಲಿಸುವುದು ಸುಲಭ, ಎರಡು ಸ್ಕ್ರೂ ಬಿಚ್ಚಿದರೆ ಆಯಿತು. ಆದರೆ ಹಳೇ ಮರದ ಸ್ಟಾಕಿನ ತೋಡಿನಲ್ಲಿ ಅದು ಕೂರಲೇ ಇಲ್ಲ. ಹೊಸ ಸ್ಟಾಕ್ ಬೇಕಾಯಿತು.

ಮೊದಲ ಸಲ ಮೋಸ ಹೋದೆ. ಒಬ್ಬ ಮಾರಾಟಗಾರನ ಹತ್ತಿರ ಪದರ ಪದರ ಅಂಟಿಸಿದ ಮರದ ಸ್ಟಾಕ್ ಇತ್ತು. ನೋಡಲು ಬಹಳ ಚೆಂದ, ಕಂದು ಮತ್ತು ಬೂದಿ ಬಣ್ಣದ ಗೆರೆ. "ಎಲ್ಲ 10/22ಗೂ ಆಗುತ್ತದೆ" ಅಂದ. ಮನೆಗೆ ತಂದು ನೋಡಿದರೆ ತೋಡು ಸಣ್ಣ ಬ್ಯಾರಲ್‌ನದು. ವಾಪಸ್ ಕೊಡಲು ಹೋದರೆ ಅದಕ್ಕೊಂದು ಶುಲ್ಕ, ಕೊರಿಯರ್ ಖರ್ಚೂ ನನ್ನದೇ. ಸರಿ, ಅಣ್ಣನ ಮನೆಯ ಬಾಗಿಲು ನಾನೇ ಉಜ್ಜಿದವನು, ಇದೇನು ಮಹಾ ಅಂದುಕೊಂಡು ಪೈಪಿಗೆ ಉಪ್ಪುಕಾಗದ ಸುತ್ತಿ ಎರಡು ಸಂಜೆ ಉಜ್ಜಿದೆ. ಬ್ಯಾರಲ್ ಕೂತಿತು. ಸರಿಯಾಗಿ ಕೂತಿತಾ? ಅದಕ್ಕೊಂದು ಸುಲಭ ಪರೀಕ್ಷೆ ಇದೆ. ಒಂದು ಡಾಲರ್ ನೋಟನ್ನು ಬ್ಯಾರಲ್ ಕೆಳಗೆ ತೂರಿಸಿ ತುದಿಯಿಂದ ಹಿಂದಕ್ಕೆ ಎಳೆಯಬೇಕು. ಎಲ್ಲೂ ತಡೆಯದೆ ಸರಿದರೆ ಬ್ಯಾರಲ್ ಮರಕ್ಕೆ ತಾಗುತ್ತಿಲ್ಲ ಅಂತ ಅರ್ಥ. ನನ್ನ ನೋಟು ನಾಲ್ಕು ಇಂಚು ಹೋಗಿ ಎಡಗಡೆ ಸಿಕ್ಕಿಕೊಂಡಿತು.

ಹ್ಯೂಸ್ಟನ್ ಹವೆ ಗೊತ್ತಲ್ಲ, ಮಂಗಳೂರಿನ ಹಾಗೆ. ನಾನು ಉಜ್ಜಿದ ಜಾಗಕ್ಕೆ ಪಾಲಿಶ್ ಹಾಕದೆ ಬಿಟ್ಟಿದ್ದೆ, ಮರ ತೇವ ಕುಡಿಯಿತು. ಉಬ್ಬಿದ ಕಡೆ ಬ್ಯಾರಲ್ ಒತ್ತುತ್ತಿತ್ತು. ಒಂದು ಭಾನುವಾರ ಗುಂಡು ಎಡಕ್ಕೆ, ಮುಂದಿನ ಭಾನುವಾರ ಮೇಲಕ್ಕೆ. ಮೂರು ತಿಂಗಳು ಗುರಿ ನೋಡುವ ದುರ್ಬೀನಿಗೆ, ಅಂದರೆ ಸ್ಕೋಪ್‌ಗೆ ಬೈದೆ. ಪಾಪ, ಅದರದೇನೂ ತಪ್ಪಿರಲಿಲ್ಲ.

ಆಮೇಲೆ ಬಂದದ್ದು ಈ ಮ್ಯಾಗ್‌ಪುಲ್. ಸುಮಾರು 130 ಡಾಲರ್ ಕೊಟ್ಟೆ. ಪಾಲಿಮರ್, ಅಂದರೆ ಗಟ್ಟಿ ಪ್ಲಾಸ್ಟಿಕ್. ಕೊಂಡದ್ದು ಒಂದೇ ಕಾರಣಕ್ಕೆ. ಮುಂಭಾಗದಲ್ಲಿ ಬ್ಯಾರಲ್ ಕೆಳಗೆ ಒಂದು ತಟ್ಟೆಯಂಥ ತುಂಡು ಇದೆ. ಅದನ್ನು ಒಂದು ಕಡೆ ತಿರುಗಿಸಿ ಹಾಕಿದರೆ ಮಾಮೂಲಿ ಬ್ಯಾರಲ್‌ಗೆ, ಇನ್ನೊಂದು ಕಡೆ ಹಾಕಿದರೆ 0.920 ಬ್ಯಾರಲ್‌ಗೆ. ನಾಳೆ ಮನಸ್ಸು ಬದಲಾಗಿ ಹಳೇ ಬ್ಯಾರಲ್ ಹಾಕಿದರೂ ಸ್ಟಾಕ್ ಅದೇ ಸಾಕು.

ಕೂರಿಸುವಾಗ ಒಂದು ಮಾತು. ಮ್ಯಾಗಜೀನ್ (ತೋಟಾ ತುಂಬುವ ಡಬ್ಬಿ) ತೆಗೆದು, ಚೇಂಬರ್ (ಬ್ಯಾರಲ್ ಹಿಂದೆ ತೋಟಾ ಕೂರುವ ಜಾಗ) ಖಾಲಿ ಇದೆಯಾ ಅಂತ ಕಣ್ಣಲ್ಲೂ ಬೆರಳಲ್ಲೂ ನೋಡಿ. ಹಳೇ ಕಾರ್ಬೈನ್ ಸ್ಟಾಕ್ ಆದರೆ ಮುಂದಿನ ಪಟ್ಟಿಯನ್ನು ಸಡಿಲಿಸಿ ಜಾರಿಸಿ ತೆಗೆಯಿರಿ. ರಿಸೀವರ್ (ಬ್ಯಾರಲ್ ಸೇರುವ, ಒಳಗೆ ಯಂತ್ರ ಇರುವ ಲೋಹದ ಭಾಗ) ಹಿಡಿದಿರುವುದು ಅಡಿಯ ಒಂದೇ ಸ್ಕ್ರೂ, ಅದನ್ನು ಬಿಚ್ಚಿ. ಆಮೇಲೂ ಅದು ಮೇಲೆ ಬರುವುದಿಲ್ಲ! ಮೊದಲ ಸಲ ನಾನು ಅರ್ಧ ಗಂಟೆ ಅಲ್ಲಾಡಿಸಿದ್ದೇನೆ. ಸೇಫ್ಟಿ ಬಟನ್ ಒಂದು ಕಡೆಗೆ ಒತ್ತಿಕೊಂಡಿದ್ದರೆ ಅದರ ತುದಿ ಮರಕ್ಕೆ ಸಿಕ್ಕಿಕೊಳ್ಳುತ್ತದೆ. ಅದನ್ನು ಸರಿಯಾಗಿ ನಡುವೆ ನಿಲ್ಲಿಸಬೇಕು, ಎರಡೂ ಬದಿ ಸಮ. ಆಗ ಬ್ಯಾರಲ್ ಎತ್ತಿದರೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬರುತ್ತದೆ. ಹೊಸದರಲ್ಲಿ ಕೂರಿಸುವಾಗಲೂ ಇದೇ ಉಪಾಯ. ಆ ಸ್ಕ್ರೂವನ್ನು ಕೈಗೆ ಸಿಕ್ಕ ಹಾಗೆ ತಿರುಚಬೇಡಿ. ನಾನು 18 ಇಂಚ್-ಪೌಂಡ್‌ಗೆ (ಸ್ಕ್ರೂ ಬಿಗಿಯ ಅಳತೆ) ಬಿಗಿ ಮಾಡುತ್ತೇನೆ, ಪ್ರತಿ ಸಲವೂ ಅಷ್ಟೇ. ಒಂದೊಂದು ಸಲ ಒಂದೊಂದು ಬಿಗಿ ಮಾಡಿದರೆ ಗುಂಡು ಬೀಳುವ ಜಾಗವೂ ಸರಿಯುತ್ತದೆ, ಇದನ್ನು ಕಲಿಯಲು ನನಗೆ ಎರಡು ಡಬ್ಬಿ ತೋಟಾ ಖರ್ಚಾಯಿತು.

ಈಗ ನೋಟು ಸಲೀಸಾಗಿ ಸರಿಯುತ್ತದೆ. 50 ಗಜ ದೂರಕ್ಕೆ ಸಿಸಿಐ ಕಂಪನಿಯ ಸ್ಟ್ಯಾಂಡರ್ಡ್ ವೆಲಾಸಿಟಿ ತೋಟಾದಲ್ಲಿ ಐದು ಗುಂಡು ಒಂದು ಇಂಚಿನ ಆಸುಪಾಸು ಬೀಳುತ್ತವೆ. ನನ್ನ ಕೈ ಚೆನ್ನಾಗಿದ್ದ ದಿನ ಇನ್ನೂ ಕಮ್ಮಿ. ಜೂನ್ ಇರಲಿ ಜನವರಿ ಇರಲಿ, ಹವೆ ಬದಲಾಯಿತು ಅಂತ ಸ್ಕೋಪ್ ಮುಟ್ಟುವ ಕೆಲಸ ಬಿದ್ದಿಲ್ಲ.

ಆದರೆ ಈ ಸ್ಟಾಕ್ ಮನೆಯಲ್ಲಿ ಉಳಿದದ್ದು ಬ್ಯಾರಲ್‌ನಿಂದಲ್ಲ, ನನ್ನ ಹೆಂಡತಿಯಿಂದ. ಅವಳು ಐದಡಿ ಒಂದಿಂಚು. ಕಂಪನಿಯ ಮರದ ಸ್ಟಾಕಿನಲ್ಲಿ ಟ್ರಿಗರ್‌ನಿಂದ ಹೆಗಲಿಗೆ ತಾಗುವ ತುದಿಯವರೆಗೆ ಹದಿಮೂರೂವರೆ ಇಂಚು. ಅವಳು ಹಿಡಿದರೆ ಕತ್ತು ಮುಂದೆ ಚಾಚಿ, ಸೊಂಟ ಹಿಂದೆ ಬಾಗಿಸಿ ನಿಲ್ಲಬೇಕಿತ್ತು. "ರೀ, ಇದು ನಿಮ್ಮ ಅಳತೆಯ ಅಂಗಿ, ನನಗ್ಯಾಕೆ ಹಾಕಿಸ್ತೀರಿ?" ಅಂತ ಎರಡು ಸಲ ಬಂದು ರೇಂಜಿಗೆ ಬರುವುದನ್ನೇ ಬಿಟ್ಟಿದ್ದಳು. ಇದರಲ್ಲಿ ಹಿಂದಿನ ರಬ್ಬರ್ ಬಿಚ್ಚಿ ನಡುವಿನ ತುಂಡುಗಳನ್ನು ತೆಗೆದು ಹಾಕಿ ಹನ್ನೆರಡೂವರೆಯಿಂದ ಹದಿನಾಲ್ಕೂವರೆ ಇಂಚಿನವರೆಗೆ ಉದ್ದ ಬದಲಿಸಬಹುದು. ಅತಿ ಗಿಡ್ಡಕ್ಕೆ ಇಳಿಸಿಕೊಟ್ಟೆ. ಉದ್ದ ಬದಲಾದರೆ ಕಣ್ಣಿನ ಜಾಗವೂ ಬದಲಾಗುತ್ತದೆ, ಹಾಗಾಗಿ ಸ್ಕೋಪನ್ನೂ ಒಂದು ಗೀರು ಮುಂದೆ ಸರಿಸಬೇಕಾಯಿತು. ಆವತ್ತು ಅವಳ ಐದು ಗುಂಡು ನನ್ನದಕ್ಕಿಂತ ಹತ್ತಿರ ಬಿದ್ದವು. ಆ ಕಾಗದ ಇನ್ನೂ ಫ್ರಿಜ್ ಬಾಗಿಲ ಮೇಲಿದೆ. ಆಮೇಲಿಂದ ಉದ್ದ ಬದಲಿಸುವ ಪ್ರಶ್ನೆಯೇ ಬಂದಿಲ್ಲ, ನಾನೇ ಗಿಡ್ಡದಕ್ಕೆ ಒಗ್ಗಿಕೊಂಡಿದ್ದೇನೆ.

ನಿಮ್ಮ ಸ್ಕೋಪ್ ಎತ್ತರದಲ್ಲಿದ್ದರೆ ಕೆನ್ನೆ ಇಡುವ ಜಾಗದ ಎತ್ತರ ಸಾಲದು. ಎತ್ತರಿಸುವ ತುಂಡುಗಳನ್ನು ಬೇರೆಯಾಗಿ ಕೊಳ್ಳಬೇಕು, ಆ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಅಂದದ ಮಾತು ಬಂದರೆ ಮರ ಮರವೇ. ಇದು ಎಷ್ಟಾದರೂ ಪ್ಲಾಸ್ಟಿಕ್ಕೇ, ಅಲ್ವಾ.

ಕೊಳ್ಳುವ ಮೊದಲು ರಿಸೀವರ್ ಮೇಲೆ ಏನು ಬರೆದಿದೆ ನೋಡಿ. 2012ರಲ್ಲಿ ಬಂದ ಟೇಕ್‌ಡೌನ್ ಮಾಡೆಲ್‌ನಲ್ಲಿ ಬ್ಯಾರಲ್ ಕಳಚಿ ಎರಡು ತುಂಡಾಗುತ್ತದೆ, ಅದಕ್ಕೆ ಬೇರೆಯೇ ಸ್ಟಾಕ್. ಹೆಚ್ಚು ಶಕ್ತಿಯ ತೋಟಾ ಹಾಕುವ ಹಳೇ ಮ್ಯಾಗ್ನಮ್ ಮಾಡೆಲ್‌ನ ರಿಸೀವರ್ ಅಳತೆಯೇ ಬೇರೆ, ಅದಕ್ಕಂತೂ ಆಗುವುದಿಲ್ಲ. ರೂಗರ್‌ನದೇ ಚಾರ್ಜರ್ ಪಿಸ್ತೂಲಿಗೆ ಕೂರುತ್ತದಲ್ಲ ಅಂತ ಸುಮ್ನೆ ಹಾಕಬೇಡಿ. 16 ಇಂಚಿಗಿಂತ ಗಿಡ್ಡ ಬ್ಯಾರಲ್‌ಗೆ ಹೆಗಲ ಸ್ಟಾಕ್ ಹಾಕಿದರೆ ಕಾನೂನಿನ ಕಣ್ಣಿಗೆ ಅದು ಬೇರೆ ಬಂದೂಕು, ಮೊದಲೇ ಎಟಿಎಫ್ (ಬಂದೂಕು ನೋಡಿಕೊಳ್ಳುವ ಇಲ್ಲಿನ ಕೇಂದ್ರ ಇಲಾಖೆ) ಅನುಮತಿ ಬೇಕು.

ಇಲ್ಲಿ ಕಾನೂನಿಗೆ ಬಂದೂಕು ಅಂದರೆ ನಂಬರ್ ಇರುವ ರಿಸೀವರ್. ಹಾಗಾಗಿ ಸ್ಟಾಕ್ ಮಾತ್ರ ತರಿಸಿದರೆ, ಪುಸ್ತಕ ಬಂದ ಹಾಗೆ ಮನೆ ಬಾಗಿಲಿಗೆ ಬರುತ್ತದೆ. ಇದನ್ನು ಫೋನಲ್ಲಿ ಹೇಳಿದ್ದೇ ತಪ್ಪಾಯಿತು. ಮಡಿಕೇರಿಯ ಗೆಳೆಯ, "ಮಾರಾಯ, ಬರುವಾಗ ನನ್ನ ಜೋಡಿ ನಳಿಗೆ ಕೋವಿಗೂ ಒಂದು ತಗೊಂಡು ಬಾ" ಅಂದ. ಅವನದು ಹನ್ನೆರಡು ಬೋರಿನ ಕೋವಿ, ಇದು ಅದಕ್ಕೆ ಯಾವ ಜನ್ಮಕ್ಕೂ ಕೂರುವುದಿಲ್ಲ. ಕೂರುವಂಥದ್ದೇ ಸಿಕ್ಕಿದರೂ ತರುವ ಹಾಗಿಲ್ಲ. ಕೊಡವರಿಗೆ ಕೋವಿ ಲೈಸೆನ್ಸ್‌ನಿಂದ ವಿನಾಯಿತಿ ಇರುವುದು ನಿಜ, ಆದರೆ 1959ರ ಆಯುಧ ಕಾಯ್ದೆಯಲ್ಲಿ ಆಯುಧದ ಬಿಡಿಭಾಗವೂ ಆಯುಧವೇ. ಬೆಂಗಳೂರು ಏರ್‌ಪೋರ್ಟಿನಲ್ಲಿ ಸೂಟ್‌ಕೇಸ್ ತೆರೆಸಿದರೆ ನಾನು ಏನು ಹೇಳಲಿ? ಅವನಿಗೆ ಒಳ್ಳೆಯದೊಂದು ಕ್ಲೀನಿಂಗ್ ಬಟ್ಟೆ ಕಟ್ಟು ಒಯ್ದೆ. ಇನ್ನೂ ಮುನಿಸು ಹೋಗಿಲ್ಲ.