ಮೈಸೂರಾಗ ಲಲಿತಮಹಲ್ ಚಲೋನೋ ಮೆಟ್ರೊಪೋಲ್ ಚಲೋನೋ: ಎರಡ್ರಾಗೂ ಇದ್ದು ಬಂದು ಹೇಳಾಕತ್ತೀನಿ

ಮೊದ್ಲ ಹೇಳಿಬಿಡ್ತೀನಿ, ನನ್ನ ಓಟು ಮೆಟ್ರೊಪೋಲ್‌ಗೆ. ನಮ್ಮ ವಿಜಯಪುರದಿಂದ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ಮೈಸೂರಿಗೆ ಹೋಗೋರು, ವಯಸ್ಸಾದ ತಂದಿ-ತಾಯಿನ್ನ ಕರ್ಕೊಂಡು ಹೋಗೋರು, ರಾಜರ ಕಾಲದ ಹೋಟೆಲ್‌ನ್ಯಾಗ ಒಂದೆರಡು ರಾತ್ರಿನಾರ ಇರಬೇಕು ಅಂತ ರೊಕ್ಕ ಕೂಡಿಟ್ಟೋರು ಇದನ್ನ ಓದ್ರಿ, ಯಾಕಂದ್ರ ನಾನು ಬುಕ್ ಮಾಡೂಮುಂದ ಎಲ್ಲಾರೂ ಫೋಟೋ ತೋರಿಸಿದ್ರ ಹೊರ್ತು ಅಲ್ಲೆ ಇಳದ ಮ್ಯಾಲ ಊರಾಗ ಹೆಂಗ ತಿರಗ್ಯಾಡೂದು ಅನ್ನೋದನ್ನ ಯಾರೂ ಹೇಳಲಿಲ್ಲ.

ಎರಡೂ ಕಟ್ಟಿಸಿದವ್ರು ಒಬ್ಬರ, ನಾಲ್ವಡಿ ಕೃಷ್ಣರಾಜ ಒಡೆಯರು. ಮೆಟ್ರೊಪೋಲ್ 1920ರದ್ದು, ಬ್ರಿಟಿಷ್ ಅತಿಥಿಗಳು ಬಂದ್ರ ಇರಾಕ. ಲಲಿತಮಹಲ್ 1921ರದ್ದು, ಅದು ವೈಸ್‌ರಾಯ್ ಸಾಹೇಬ್ರಿಗೆ ಅಂತನ ಕಟ್ಟಿದ್ದು, 1974ರಾಗ ಹೋಟೆಲ್ ಆತು. ಈ ವಿಷಯ ತಲಿಯಾಗ ಇಟ್ಕೋರಿ, ಮುಂದ ಹೇಳೋದೆಲ್ಲಾ ಇದರ ಮ್ಯಾಲನ ನಿಂತೈತಿ.

ಲಲಿತಮಹಲ್ ನೋಡಾಕ ಭಾಳ ದೊಡ್ಡದು, ಅದರಾಗ ಎರಡು ಮಾತಿಲ್ಲ. ಚಾಮುಂಡಿ ಬೆಟ್ಟದ ಬುಡಕ್ಕ ಬೆಳ್ಳಗ ಕಾಣ್ತೈತಿ. ಫ್ರಿಚ್ಲಿ ಅನ್ನೋ ವಾಸ್ತುಶಿಲ್ಪಿ ಲಂಡನ್ನಿನ ಸೇಂಟ್ ಪಾಲ್ ಚರ್ಚಿನ ಗುಮ್ಮಟ ನೋಡಿ ಇದರ ಗುಮ್ಮಟ ಮಾಡ್ಯಾರ. ಗುಮ್ಮಟ ಅಂದ ಕೂಡ್ಲೆ ನಮ್ಮೂರವ್ರು ಅಷ್ಟು ಸಲೀಸಾಗಿ ಬೆರಗಾಗಂಗಿಲ್ಲ ಬಿಡ್ರಿ, 1656ರ ಗೋಳಗುಮ್ಮಟದ ನೆಳ್ಳಾಗ ಬೆಳದವ್ರು ನಾವು. ಆದ್ರ ಒಂದು ವಿಷಯ ನನಗ ಖುಷಿ ಕೊಟ್ತು, ಆ ಲಂಡನ್ ಚರ್ಚಿನ ಗುಮ್ಮಟದಾಗೂ ನಮ್ಮಲ್ಲಿದ್ದಂಗ ಪಿಸುಮಾತಿನ ಗ್ಯಾಲರಿ ಐತಿ, ಒಂದು ಕಡೆ ಗೋಡಿಗೆ ಬಾಯಿ ಇಟ್ಟು ಮಾತಾಡಿದ್ರ ಆ ಕಡೆಯವ್ರಿಗೆ ಕೇಳಸ್ತೈತಿ. ಮಗಳಿಗೆ ಇದನ್ನ ಹೇಳಿದ್ದ ತಪ್ಪಾತು ನೋಡ್ರಿ, ಇಲ್ಲೂ ಹೋಗಿ ಕೂಗ್ತೀನಿ ಅಂತ ಹಟ ಹಿಡಿದ್ಲು.

ಒಳಗ ಇಟಲಿಯ ಅಮೃತಶಿಲೆ ಮೆಟ್ಟಲ, ನಡುಮಟ ಒಂದ ಆಗಿ ಬಂದು ಆಮ್ಯಾಲ ಎಡಕ್ಕೊಂದು ಬಲಕ್ಕೊಂದು ಆಗ್ತೈತಿ. ಊಟದ ಹಾಲು ಮೊದ್ಲ ಡ್ಯಾನ್ಸ್ ಹಾಲಂತ, ಮ್ಯಾಲ ಬಣ್ಣದ ಬೆಲ್ಜಿಯಂ ಗಾಜು. ಮುಂಜಾನಿ ನಾಷ್ಟಾಕ್ಕ ಕುಂತಾಗ ಮಗಳು ಇಡ್ಲಿ ಬಿಟ್ಟು ಕತ್ತು ಮ್ಯಾಲ ಮಾಡ್ಕೊಂಡ ಕುಂತಿದ್ಲು. ನಾನೂ ಅಷ್ಟ. ಅಂಥಾ ಛತ್ತು ಮೆಟ್ರೊಪೋಲ್‌ನ್ಯಾಗ ಇಲ್ಲ, ಒಪ್ಕೋತೀನಿ.

ಈಗ ತ್ರಾಸಿನ ಮಾತು. ಲಲಿತಮಹಲ್ ಅಂಬಾವಿಲಾಸ, ಅಂದ್ರ ಮೈಸೂರಿನ ದೊಡ್ಡ ಅರಮನಿಯಿಂದ ನಾಲ್ಕೈದು ಕಿಲೋಮೀಟರ್, ರೈಲ್ವೆ ಸ್ಟೇಷನ್ನಿಂದ ಇನ್ನೂ ದೂರ. ಕೇಳಾಕ ಏನೂ ಅನಸಂಗಿಲ್ಲ. ನಾವು ರವಿವಾರ ಸಂಜಿಮುಂದ ಅರಮನಿ ಲೈಟ್ ನೋಡಾಕ ಹೋದ್ವಿ, ಏಳಕ್ಕ ಲೈಟ್ ಹತ್ತಿದ್ವು, ಲಕ್ಷದ ಹತ್ರ ಬಲ್ಬು ಒಮ್ಮಿಗೆ ಹತ್ತೂದು ಕಣ್ಣು ತುಂಬ ನೋಡಿದ್ವಿ. ಆಮ್ಯಾಲ ಗೇಟಿನ್ಯಾಗಿಂದ ಜಾತ್ರಿಗೆ ಬಂದಷ್ಟು ಮಂದಿ ಒಮ್ಮಿಗೆ ಹೊರಗ, ಎಲ್ಲಾರಿಗೂ ಆಟೋ ಬೇಕು.

ಮೊದಲ್ನೇ ಆಟೋದಂವ ಲಲಿತಮಹಲ್ ಅಂದ ಕೂಡ್ಲೆ ತಲಿ ಅಳ್ಳಾಡಿಸಿ ಹೊಂಟ. ಎರಡನೇದಂವ "ಅಲ್ಲಿಂದ ಖಾಲಿ ಬರ್ಬೇಕು ಸಾರ್, ಎರಡು ಕಡೇದೂ ಕೊಡಿ" ಅಂದ, ಅಂವ ಹೇಳಿದ ರೇಟು ಎರಡು ಕಡೇದಲ್ಲ, ಮೂರು ಕಡೇದಿತ್ತು. ಮೊಬೈಲ್‌ನ್ಯಾಗ ಬುಕ್ ಮಾಡಿದ್ರ ಒಪ್ಕೋತಾರ, ಆಮ್ಯಾಲ ಫೋನ್ ಮಾಡಿ "ಎಲ್ಲಿಗೆ" ಅಂತ ಕೇಳ್ತಾರ, ಹೇಳಿದ ಕೂಡ್ಲೆ ಕ್ಯಾನ್ಸಲ್. ಮಗಳು ಹೆಗಲ ಮ್ಯಾಲ ನಿದ್ದಿ ಹೋದ್ಲು, ಮನಿಯಾಕಿ ಚಪ್ಪಲಿ ಕಚ್ಚಿ ಫುಟ್‌ಪಾತ್ ಮ್ಯಾಲ ಕುಂತುಬಿಟ್ಲು. ಕಡೀಗೆ ಅಂವ ಕೇಳಿದಷ್ಟ ಕೊಟ್ಟು ಬಂದ್ವಿ.

ಮರುದಿನ ಮುಂಜಾನಿನೂ ಅದ ಕಥಿ. ನನಗ ನಸುಕಿನ್ಯಾಗ ಎದ್ದು ಹೊರಗ ಹೋಗಿ ರಸ್ತೆ ಬದಿ ಚಾ ಕುಡೀಲಿಲ್ಲ ಅಂದ್ರ ದಿನ ಸುರು ಆಗಂಗಿಲ್ಲ. ಇಲ್ಲೆ ಬಾಗಲದಿಂದ ಗೇಟಿಗೆ ಬರೂದ ಒಂದು ವಾಕಿಂಗ್ ಆಕ್ಕೈತಿ, ಗೇಟ್ ದಾಟಿದ್ರ ಅಗಲ ರಸ್ತೆ, ಗಿಡ, ಗಾಳಿ, ಚಲೋ ಐತಿ, ಆದ್ರ ಚಾದಂಗಡಿ ನನಗ ಸಿಗಲಿಲ್ಲ. ಹೋಟೆಲ್‌ನವ್ರದು ಇದರಾಗ ಏನೂ ತಪ್ಪಿಲ್ಲ ಮತ್ತ. ವೈಸ್‌ರಾಯ್‌ಗೆ ಬಾಗಲದಾಗ ಕಾರು ನಿಂತಿರ್ತಿತ್ತು, ಅಂವಂಗ ಆಟೋ ಬೇಕಿರಲಿಲ್ಲ, ಚಾದಂಗಡಿನೂ ಬೇಕಿರಲಿಲ್ಲ, ಊರಿಂದ ದೂರ ಇದ್ದಷ್ಟೂ ಅಂವಂಗ ಚಲೋನ. ಕಾರು ಇದ್ದೋರಿಗೆ ಕಟ್ಟಿದ ಮನಿ ಅದು, ಇವತ್ತಿಗೂ ಕಾರು ಇದ್ದೋರಿಗೇ ಸರಿ.

ಮೆಟ್ರೊಪೋಲ್‌ಗೆ ಆಮ್ಯಾಲ ಅವ್ವ-ಅಪ್ಪನ್ನ ಕರ್ಕೊಂಡು ಹೋದ್ವಿ. ಝಾನ್ಸಿ ಲಕ್ಷ್ಮೀಬಾಯಿ ರಸ್ತೆ, ಸ್ಟೇಷನ್ನಿನ ಮಗ್ಗಲ್ಕ ಅಂದ್ರೂ ನಡೀತೈತಿ. ರಾತ್ರಿಯೆಲ್ಲಾ ರೈಲಿನ್ಯಾಗ ಕುಂತು ಬಂದ ಮೊಣಕಾಲು ನೋವಿನ ಅವ್ವಗ ಇದಕ್ಕಿಂತ ಬ್ಯಾರೆ ಲಕ್ಸುರಿ ಏನ್ ಬೇಕ್ರೀ? ಕಟ್ಟಡ ತಗ್ಗಂದು, ಕಮಾನಿನ ವರಾಂಡಾ, ಎತ್ತರದ ಛತ್ತಿನ ಖೋಲಿ. ಲಲಿತಮಹಲ್‌ನ್ಯಾಗ ನಾನು ದನಿ ಇಳಿಸಿ ಮಾತಾಡ್ತಿದ್ದೆ, ಇಲ್ಲೆ ಅಪ್ಪ ವರಾಂಡಾದಾಗ ಪೇಪರ್ ಹಿಡ್ಕೊಂಡು ನಮ್ಮ ಮನಿ ಕಟ್ಟಿ ಮ್ಯಾಲ ಕುಂತಂಗ ಕುಂತಿದ್ರು.

ದೇವರಾಜ ಮಾರ್ಕೆಟ್‌ಗೆ ನಾನು ಮತ್ತ ಅವ್ವ ನಿಧಾನಕ್ಕ ನಡಕೋತನ ಹೋದ್ವಿ. ಮೈಸೂರು ವೀಳ್ಯದೆಲಿ, ಮಲ್ಲಿಗಿ, ನಂಜನಗೂಡು ರಸಬಾಳೆ, ಮೂರೂ ಅಲ್ಲೇ ಸಿಕ್ವು. ತಿರಗಿ ಬಂದು ಅವ್ವ ವರಾಂಡಾದ ಕುರ್ಚಿಯಾಗ ಕುಂತು ಎಲಿ ಒಂದೊಂದ ಸೆರಗಿಲೆ ಒರಸಿ, ತುಂಬು ಮುರದು, ಹಿಂದಿನ ನಾರು ಉಗುರಿಲೆ ಎಳದು, ಸುಣ್ಣ ಸವರಿ ಬಾಯಾಗ ಇಟ್ಕೊಂಡು "ನಮ್ಮ ಕಡೆ ಎಲಿ ಖಾರ, ಇದು ಮೆತ್ತಗ ಐತಿ ನೋಡಪಾ" ಅಂದ್ಲು. ಅಷ್ಟಕ್ಕ ನನ್ನ ರೊಕ್ಕ ವಸೂಲ್ ಆತು.

ಊಟ ಎರಡೂ ಕಡೆ ಚಲೋ, ಜ್ವಾಳದ ರೊಟ್ಟಿ ಬೇಕಂದ್ರ ಮನಿಯಿಂದ ಕಟ್ಕೊಂಡ ಹೋಗ್ರಿ. ಬೆಟ್ಟಕ್ಕ ಹೋಗೂದಿದ್ರ ಲಲಿತಮಹಲ್ ಸಮೀಪ. ರೇಟು ನಾವು ಹೋದಾಗ ಮೆಟ್ರೊಪೋಲ್‌ದು ಕಡಿಮಿ ಬಿತ್ತು, ದಸರಾದಾಗ ಎರಡೂ ನಮ್ಮಂಥವ್ರ ಕೈಗೆ ಸಿಗೂ ಮಾತಲ್ಲ.

ಸ್ವಂತ ಕಾರ್ ತಗೊಂಡು ಹೋಗೋರು, ಹೊಸದಾಗಿ ಮದ್ವಿ ಆದವ್ರು ಲಲಿತಮಹಲ್ ಮಾಡ್ರಿ, ಒಂದು ರಾತ್ರಿ ಸಾಕು, ಆ ಛತ್ತಿನ ಕೆಳಗ ನಾಷ್ಟಾ ಮಾಡದ ಬರಬ್ಯಾಡ್ರಿ. ನಮ್ಮಂಗ ರೈಲಿಗೆ ಹೋಗಿ, ಕಾಲಿಲೆ ಊರು ನೋಡೋರಿಗೆ ಮೆಟ್ರೊಪೋಲ್. ನಾವಿದ್ದಾಗ ಅದನ್ನ ರಾಯಲ್ ಆರ್ಕಿಡ್‌ನವ್ರು ನಡಸ್ತಿದ್ರು, ಇಂಥಾ ಹಳೇ ಕಟ್ಟಡ ನಡಸೋರು ಬದ್ಲಾಗ್ತಿರ್ತಾರ, ಅದಕ್ಕ ಮೊದ್ಲ ಫೋನ್ ಹಚ್ಚಿ ಕೇಳ್ರಿ, ಹಂಗ ಕೆಳಗಿನ ಮಜಲಿನ್ಯಾಗನ ಖೋಲಿ ಬೇಕಂತ ಹೇಳಿಡ್ರಿ, ವಯಸ್ಸಾದವ್ರು ಇದ್ರಂತೂ ಇದನ್ನ ಮರೀಬ್ಯಾಡ್ರಿ.