ಮುಟ್ಟಿನ ಆಪ್ ಮತ್ತು ಥರ್ಮಾಮೀಟರ್: ಗರ್ಭನಿರೋಧಕವಾಗಿ ಎರಡು ವರ್ಷ ಬಳಸಿದ ಮೇಲೆ

ಈ ಆಪ್‌ನಿಂದ ನನಗೆ ಸಿಕ್ಕ ಮೊದಲ ಲಾಭಕ್ಕೂ ಗರ್ಭನಿರೋಧಕ್ಕೂ ಸಂಬಂಧವೇ ಇಲ್ಲ. ಬೆಳಗಿನ ಜಾವ ನೀರಿನ ಕೆಲಸ ನನ್ನಿಂದ ತಪ್ಪಿ ಗಂಡನ ಪಾಲಾಯಿತು. ವಿಜಯನಗರದ ನಮ್ಮ ಬೀದಿಗೆ ಕಾವೇರಿ ನೀರು ದಿನ ಬಿಟ್ಟು ದಿನ, ಕತ್ತಲಿರುವಾಗಲೇ ಬರುತ್ತದೆ. ಯಾರಾದರೂ ಎದ್ದು ಸಂಪು ತುಂಬುವುದನ್ನು ನೋಡಿ, ಮೋಟರ್ ಹಾಕಿ ಟ್ಯಾಂಕಿಗೆ ಏರಿಸಬೇಕು. ಆಪ್ ಕೇಳುವುದೋ, ಎಚ್ಚರವಾದ ಕೂಡಲೇ, ಹಾಸಿಗೆ ಬಿಡುವ ಮೊದಲು, ಒಂದು ಗುಟುಕು ನೀರೂ ಕುಡಿಯದೆ, ನಾಲಿಗೆಯಡಿ ಥರ್ಮಾಮೀಟರ್ ಇಟ್ಟು ಮೈ ಬಿಸಿ ಅಳೆಯಿರಿ ಎಂದು. "ನಾನು ಎದ್ದರೆ ಲೆಕ್ಕ ಕೆಡುತ್ತೆ ರೀ" ಅಂದೆ. ಅವತ್ತಿನಿಂದ ನೀರು ಅವರದು.

ದಿನಾ ಅಳೆದ ಬಿಸಿ ನೋಡಿ, ಗರ್ಭ ನಿಲ್ಲಬಹುದಾದ ದಿನಕ್ಕೆ ಕೆಂಪು, ಸುರಕ್ಷಿತ ದಿನಕ್ಕೆ ಹಸಿರು ತೋರಿಸುವ ಆಪ್ ಇದು. ಹೆಸರು ಹಾಕುತ್ತಿಲ್ಲ. ಹೇಳುವುದು ಈ ಜಾತಿಯ ಎಲ್ಲದಕ್ಕೂ ಹೊಂದುತ್ತದೆ, ಫೀಚರ್‌ಗಳ ಪಟ್ಟಿ ಬೇಕಿದ್ದವರು ಪ್ಲೇಸ್ಟೋರ್‌ನಲ್ಲೇ ನೋಡಬಹುದು. ನಾನು ಇದಕ್ಕೆ ಬಂದದ್ದು ಬೇರೆಯದು ಒಗ್ಗದೆ. ಮಗಳು ಹುಟ್ಟಿದ ಮೇಲೆ ವಂಕಿ (ಕಾಪರ್-ಟಿ) ಹಾಕಿಸಿಕೊಂಡೆ, ರಕ್ತಸ್ರಾವ ಜಾಸ್ತಿಯಾಗಿ ತೆಗೆಸಿದೆ. ಮಾತ್ರೆ ನುಂಗಿದರೆ ತಲೆನೋವು. ಕಾಂಡೋಮ್ ಬಗ್ಗೆ ಇಬ್ಬರಿಗೂ ಬೇಸರ. ಉಳಿದದ್ದು ಇದು.

ಥರ್ಮಾಮೀಟರ್‌ದೇ ಒಂದು ಕಥೆ. ಮೆಡಿಕಲ್ ಸ್ಟೋರಿನವರು ಜ್ವರ ನೋಡುವ ಸಾಮಾನ್ಯದ್ದನ್ನು ಕೊಟ್ಟು "ಎಲ್ಲಾ ಒಂದೇ ಮೇಡಂ" ಅಂದರು. ಒಂದೇ ಅಲ್ಲ. ಅಂಡ ಬಿಡುಗಡೆಯಾದ ಮೇಲೆ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಹೆಚ್ಚಿ ಮೈ ಬಿಸಿ ಏರುವುದು ಬರೀ 0.2ರಿಂದ 0.5 ಡಿಗ್ರಿ ಸೆಲ್ಸಿಯಸ್. ದಶಮಾಂಶದ ನಂತರ ಎರಡು ಅಂಕಿ ತೋರಿಸದಿದ್ದರೆ ಆ ಏರಿಕೆ ಕೈಗೆ ಸಿಗುವುದೇ ಇಲ್ಲ. ಆನ್‌ಲೈನ್‌ನಲ್ಲಿ ತರಿಸಿದೆ. ಈಗ ಅದು ದಿಂಬಿನಡಿ ಇರುತ್ತದೆ. ಕಣ್ಣು ಮುಚ್ಚಿಕೊಂಡೇ ಕೈ ಹಾಕಿ ಬಾಯಿಗಿಡುತ್ತೇನೆ. ಬೀಪ್ ಅನ್ನುವವರೆಗೆ ಯಾರೂ ನನ್ನನ್ನು ಮಾತಾಡಿಸುವ ಹಾಗಿಲ್ಲ ಎಂಬುದು ಮನೆಯ ಕಾನೂನು. ತಿಂಡಿ ಏನು, ಯೂನಿಫಾರ್ಮ್ ಎಲ್ಲಿ, ಎಲ್ಲಾ ಆಮೇಲೆ. ಬೆಂಗಳೂರಿನಲ್ಲಿ ಕೆಲಸಕ್ಕೆ ಹೋಗುವ ತಾಯಿಗೆ ಬೆಳಿಗ್ಗೆ ಇಷ್ಟು ಹೊತ್ತು ಮೌನ ಬೇರೆ ಯಾವ ಕಂಪನಿಯೂ ಕೊಟ್ಟಿರಲಿಕ್ಕಿಲ್ಲ. ಊರಿನಿಂದ ಬಂದ ಅತ್ತೆ ಮಾತ್ರ ಗಾಬರಿಯಾದರು: "ಏನಮ್ಮಾ, ದಿನಾ ಜ್ವರ ನೋಡ್ಕೋತೀಯಲ್ಲ, ಡಾಕ್ಟರಿಗೆ ತೋರಿಸಬಾರದಾ?" ಥೈರಾಯ್ಡ್ ಲೆಕ್ಕ ಅಂತ ಹೇಳಿ ತಪ್ಪಿಸಿಕೊಂಡೆ.

ಮೊದಮೊದಲು ಗ್ರಾಫ್ ತಲೆಬುಡ ಇಲ್ಲದ ಗೀಚಾಟದಂತಿತ್ತು. ನಾಲ್ಕನೇ ತಿಂಗಳಿಗೋ ಏನೋ, ಮಧ್ಯದಲ್ಲಿ ಸ್ಪಷ್ಟವಾಗಿ ಒಂದು ಮೆಟ್ಟಿಲು ಕಾಣಿಸಿತು. ಅಂಡ ಬಿಡುಗಡೆಗೆಂದು ಶಾಲೆಯಲ್ಲಿ ಹೇಳಿಕೊಟ್ಟ 'ಹದಿನಾಲ್ಕನೇ ದಿನ' ನನ್ನ ಮೈಗೆ ಗೊತ್ತೇ ಇಲ್ಲ, ನನ್ನದು ಯಾವಾಗಲೂ ಅದಕ್ಕಿಂತ ತಡ. ಇಷ್ಟು ವರ್ಷ 'ಡೇಟ್ ಹಿಂದೆಮುಂದೆ ಆಗುತ್ತೆ' ಎಂದುಕೊಂಡಿದ್ದಕ್ಕೂ ಕಾರಣ ಕಂಡಿತು: ಮೆಟ್ಟಿಲು ಏರಿದ ಮೇಲಿನ ಭಾಗ ತಿಂಗಳಿಂದ ತಿಂಗಳಿಗೆ ಹೆಚ್ಚುಕಡಿಮೆ ಒಂದೇ ಅಳತೆ, ಹಿಗ್ಗಿ ಕುಗ್ಗುವುದೆಲ್ಲ ಅದರ ಹಿಂದಿನ ಭಾಗ. ಇಷ್ಟಕ್ಕೇ ಹೇಳುವುದಾದರೆ ಐದಕ್ಕೆ ಐದು ಸ್ಟಾರ್.

ಆದರೆ ನಾವು ದುಡ್ಡು ಕೊಟ್ಟಿರುವುದು ಮಗು ಆಗದಿರಲಿ ಎಂದು. ತೊಡಕು ಇರುವುದು ಅಲ್ಲೇ.

ಬಿಸಿ ಏರುವುದು ಅಂಡ ಬಿಡುಗಡೆಯಾದ ನಂತರ. ಅಂಡದ ಆಯಸ್ಸು ಒಂದು ದಿನದೊಳಗೆ, ವೀರ್ಯಾಣು ಮಾತ್ರ ಒಳಗೆ ಐದು ದಿನ ಬದುಕಿರಬಲ್ಲದು. ಅಂದರೆ ಅಪಾಯದ ದಿನಗಳಲ್ಲಿ ಹೆಚ್ಚಿನವು ಥರ್ಮಾಮೀಟರ್ ಬಾಯಿ ಬಿಡುವ ಮೊದಲೇ ಮುಗಿದಿರುತ್ತವೆ. ಅವುಗಳನ್ನು ಆಪ್ ನಿಮ್ಮ ಹಳೆಯ ತಿಂಗಳುಗಳ ಆಧಾರದ ಮೇಲೆ ಊಹಿಸುತ್ತದೆ. ಮೆಟ್ಟಿಲು ಏರಿದ ಮೇಲೆ ಬರುವ ಹಸಿರು ಬಣ್ಣ ಅಳೆದು ಹೇಳಿದ್ದು. ಮುಟ್ಟು ಮುಗಿದ ಕೂಡಲೇ ಬರುವ ಹಸಿರು ಊಹೆ. ಪರದೆಯ ಮೇಲೆ ಎರಡೂ ಅದೇ ಹಸಿರು! ನನಗೆ ಈ ಆಪ್ ಮೇಲೆ ಸಿಟ್ಟಿರುವುದು ಇದೊಂದಕ್ಕೇ. ಎರಡಕ್ಕೂ ಬೇರೆ ಬಣ್ಣ ಕೊಟ್ಟಿದ್ದರೆ ಏನು ಗಂಟು ಹೋಗುತ್ತಿತ್ತು? ನಾವು ಮೊದಲ ಹಸಿರನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಅದನ್ನೂ ಕೆಂಪೆಂದೇ ಪಾಲಿಸುತ್ತೇವೆ.

ಹಾಗೆ ಪಾಲಿಸಿದರೆ ತಿಂಗಳ ಅರ್ಧಕ್ಕಿಂತ ಹೆಚ್ಚು ಕೆಂಪು. ಅದರ ಮೇಲೆ ನೈಟ್ ಶಿಫ್ಟ್ ಬಂದ ವಾರ, ಮಗಳಿಗೆ ಜ್ವರ ಬಂದು ನಿದ್ದೆಗೆಟ್ಟ ರಾತ್ರಿಗಳು, ಇವೆಲ್ಲ ಗ್ರಾಫ್ ಕೆಡಿಸುತ್ತವೆ. ನಾದಿನಿಯ ಮನೆಯ ಗೃಹಪ್ರವೇಶಕ್ಕೆ ಡೇಟ್ ಮುಂದೂಡುವ ಮಾತ್ರೆ ನುಂಗಿದ್ದಂತೂ ದೊಡ್ಡ ಎಡವಟ್ಟು. ಆ ಮಾತ್ರೆಯಲ್ಲಿರುವ ನಾರ್‌ಎಥಿಸ್ಟರಾನ್ ಕೂಡ ಪ್ರೊಜೆಸ್ಟರಾನ್ ಜಾತಿಯದ್ದೇ, ಮೈ ಬಿಸಿ ಏರಿಸುತ್ತದೆ. ನಿಜವಾದ ಮೆಟ್ಟಿಲು ಯಾವುದು, ಮಾತ್ರೆಯ ಮೆಟ್ಟಿಲು ಯಾವುದು, ಹೇಳುವವರಿಲ್ಲ. ಹಾಗೆ ನುಂಗುವ ಮಾತ್ರೆಯನ್ನು ಗರ್ಭನಿರೋಧಕ ಎಂದು ನಂಬುವ ಹಾಗೂ ಇಲ್ಲ. ಹಬ್ಬ, ಪೂಜೆ, ಮದುವೆ ಸಾಲಾಗಿ ಬರುವ ನಮ್ಮ ಮನೆಗಳ ಪಾಡು ಈ ಆಪ್ ಬರೆದವರಿಗೆ ಗೊತ್ತಿದ್ದಂತಿಲ್ಲ. ಟಿಪ್ಪಣಿಯ ಜಾಗದಲ್ಲಿ 'ಹ್ಯಾಂಗೋವರ್' ಎಂದು ಒತ್ತುವ ಗುಂಡಿ ಇದೆ, 'ವರಮಹಾಲಕ್ಷ್ಮಿ ಮಾತ್ರೆ'ಗೆ ಗುಂಡಿ ಇಲ್ಲ.

ಕೆಂಪು ದಿನ ಏನು ಮಾಡಬೇಕು? ಕಾಂಡೋಮ್ ಬಳಸಿ, ಇಲ್ಲವೇ ದೂರವಿರಿ ಅನ್ನುತ್ತದೆ ಆಪ್. ಯಾವ ಕಾಂಡೋಮ್ ಬೇಡವೆಂದು ಇಲ್ಲಿಗೆ ಬಂದೆವೋ ಅದನ್ನು ಯಾವತ್ತು ಹಾಕಿಕೊಳ್ಳಬೇಕು ಎಂದು ತಿಳಿಯಲು ವರ್ಷಕ್ಕೆ ಹಣ ಕಟ್ಟುತ್ತಿದ್ದೇವೆ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ನಿರೋಧ್, ಮಾಲಾ-ಎನ್ ಮಾತ್ರೆ, ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು ನುಂಗುವ ಛಾಯಾ ಮಾತ್ರೆ, ಮೂರು ತಿಂಗಳಿಗೊಮ್ಮೆಯ ಅಂತರಾ ಇಂಜೆಕ್ಷನ್, ಕಾಪರ್-ಟಿ ಎಲ್ಲವೂ ಪುಕ್ಕಟೆ.

ಇನ್ನು ಜಾಹೀರಾತುಗಳಲ್ಲಿ ಬರುವ ಶೇಕಡಾ 93 ಪರಿಣಾಮಕಾರಿ ಎಂಬ ಮಾತು. ಆ ಅಂಕಿ ನ್ಯಾಚುರಲ್ ಸೈಕಲ್ಸ್ ಎಂಬ ಸ್ವೀಡನ್ ಆಪ್‌ನದು (ನನ್ನದು ಅದಲ್ಲ). ಹಿಗ್ಸ್ ಬೋಸಾನ್ ಎಂಬ ಕಣದ ಹುಡುಕಾಟದಲ್ಲಿ ಯುರೋಪಿನ ಸರ್ನ್ ಪ್ರಯೋಗಾಲಯದಲ್ಲಿ ಕೆಲಸ ಮಾಡಿದ್ದ ಭೌತವಿಜ್ಞಾನಿ ಎಲಿನಾ ಬರ್ಗ್‌ಲಂಡ್ ಪತಿಯೊಡನೆ ಸೇರಿ ಕಟ್ಟಿದ್ದು. 2017ರಲ್ಲಿ ಯುರೋಪಿನಲ್ಲಿ, 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯಿಂದ ಗರ್ಭನಿರೋಧಕ ಎಂದೇ ಒಪ್ಪಿಗೆ ಪಡೆಯಿತು. ನಿಯಮ ಒಂದಿಷ್ಟೂ ತಪ್ಪದಿದ್ದರೆ ಶೇ 98, ಎಲ್ಲರೂ ಬಳಸುವಂತೆ ಬಳಸಿದರೆ ಶೇ 93. ಹೀಗೆಂದರೆ ನೂರು ಸಲಕ್ಕೆ ಏಳು ಸಲ ಕೈಕೊಡುತ್ತದೆ ಎಂದಲ್ಲ, ನೂರು ಹೆಂಗಸರು ಒಂದು ವರ್ಷ ಬಳಸಿದರೆ ಏಳು ಜನಕ್ಕೆ ಗರ್ಭ ನಿಲ್ಲುತ್ತದೆ ಎಂದು. ಕಾಪರ್-ಟಿಯಲ್ಲಿ ಅದು ಒಂದಕ್ಕಿಂತ ಕಡಿಮೆ. ಕಾಂಡೋಮ್ ಒಂದನ್ನೇ ನಂಬಿದರೆ ಸುಮಾರು ಹದಿಮೂರು.

ಸ್ಟಾಕ್‌ಹೋಮ್‌ನ ಒಂದು ಆಸ್ಪತ್ರೆಯಲ್ಲಿ 2017ರ ಕೊನೆಯ ನಾಲ್ಕು ತಿಂಗಳಲ್ಲಿ ಗರ್ಭಪಾತಕ್ಕೆ ಬಂದ 668 ಹೆಂಗಸರಲ್ಲಿ 37 ಮಂದಿ ನ್ಯಾಚುರಲ್ ಸೈಕಲ್ಸ್ ಬಳಸುತ್ತಿದ್ದರು ಎಂದು ದೊಡ್ಡ ಸುದ್ದಿಯಾಯಿತು. ಸ್ವೀಡನ್ನಿನ ಔಷಧ ಇಲಾಖೆ ಪರಿಶೀಲಿಸಿ, ಕಂಪನಿ ತಾನೇ ಹೇಳಿಕೊಂಡ ಪ್ರಮಾಣವನ್ನು ಇದು ಮೀರಿಲ್ಲ ಎಂದಿತು. ನನಗೆ ಆ ತೀರ್ಪೇ ಹೆಚ್ಚು ಕಂಗೆಡಿಸಿದ್ದು. ಆಪ್ ಕೆಟ್ಟಿರಲಿಲ್ಲ, ಸರಿಯಾಗಿ ಕೆಲಸ ಮಾಡುತ್ತಿದ್ದಾಗಲೇ ಇಷ್ಟು. 2018ರಲ್ಲಿ ಬ್ರಿಟನ್ನಿನ ಜಾಹೀರಾತು ಪ್ರಾಧಿಕಾರ, ಇದನ್ನು 'ಅತ್ಯಂತ ನಿಖರ' ಎಂದು ಹೊಗಳಿದ ಫೇಸ್‌ಬುಕ್ ಜಾಹೀರಾತನ್ನು ನಿಲ್ಲಿಸಿತು.

ಇಷ್ಟಾದರೂ ಇವು ಬಿಸಿ ಅಳೆಯುವ ಆಪ್‌ಗಳು. ನಮ್ಮ ಆಫೀಸಿನ ಹುಡುಗಿಯರ ಫೋನಿನಲ್ಲಿರುವವು ಹೆಚ್ಚಿನವು ಬರೀ ಡೇಟ್ ಹಾಕಿದರೆ ಹೂವಿನ ಚಿತ್ರ ತೋರಿಸುವ ಪುಕ್ಕಟೆ ಆಪ್‌ಗಳು. ಅವು ಗರ್ಭನಿರೋಧಕಗಳಲ್ಲ, ಗೋಡೆ ಕ್ಯಾಲೆಂಡರಿನ ಲೆಕ್ಕ ಅಷ್ಟೇ. ಆ ಲೆಕ್ಕ ನಮ್ಮ ಪಕ್ಕದ ರಾಮನಗರಕ್ಕೆ 1950ರ ದಶಕದ ಆರಂಭದಲ್ಲೇ ಬಂದಿತ್ತು ಎಂದು ಓದಿದಾಗ ನಗು ಬಂತು. ಕೃತಕ ವಿಧಾನ ಬೇಡವೆಂದಿದ್ದ ಆರೋಗ್ಯ ಮಂತ್ರಿ ರಾಜಕುಮಾರಿ ಅಮೃತ್ ಕೌರ್ ಅವರ ಕಾಲದಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಡಾ. ಅಬ್ರಹಾಂ ಸ್ಟೋನ್ ದೆಹಲಿಯ ಲೋಧಿ ಕಾಲೊನಿ ಮತ್ತು ರಾಮನಗರದಲ್ಲಿ ಸುರಕ್ಷಿತ ದಿನಗಳ ಪ್ರಯೋಗ ನಡೆಸಿದರು. ದಿನ ಎಣಿಸಲು ಹೆಂಗಸರಿಗೆ ಬಣ್ಣದ ಮಣಿಗಳ ಸರ ಕೊಟ್ಟರು. ಕೊನೆವರೆಗೂ ಪಾಲಿಸಿದವರು ಕೆಲವೇ ಮಂದಿ. ನನ್ನ ಫೋನಿನ ಬಣ್ಣದ ಚುಕ್ಕೆಗಳಿಗೆ ಇಷ್ಟು ಹತ್ತಿರದಲ್ಲಿ ಇಷ್ಟು ಹಳೆಯ ನೆಂಟರಿದ್ದಾರೆ.

ಹಾಗಾದರೆ ನಾನೇಕೆ ಬಿಟ್ಟಿಲ್ಲ? ಮುಂದಿನ ತಿಂಗಳು ನಿಂತರೂ ನಮ್ಮ ಮೇಲೆ ಆಕಾಶ ಕಳಚಿ ಬೀಳುವುದಿಲ್ಲ. ಎರಡನೆಯದು ಬೇಡವೆಂದು ನಾವು ತೀರ್ಮಾನಿಸಿಲ್ಲ, ಈಗಲೇ ಬೇಡ ಅಂದಿದ್ದೇವೆ ಅಷ್ಟೇ. ಆ ಏಳು ಜನರಲ್ಲಿ ಒಬ್ಬಳಾಗಲು ನನಗೆ ಆಗುತ್ತದೆ. ಆಗದವರು ಇದಕ್ಕೆ ಕೈ ಹಾಕಬೇಡಿ: ಸಿಸೇರಿಯನ್ ಆಗಿ ಇನ್ನೂ ಚೇತರಿಸಿಕೊಳ್ಳುತ್ತಿರುವವರು, ಮದುವೆಯಾಗದವರು, ಪಿಸಿಓಡಿ ಇದ್ದು ಎರಡೆರಡು ತಿಂಗಳಿಗೆ ಮುಟ್ಟಾಗುವವರು, ಮೊಲೆಹಾಲು ಕುಡಿಸುತ್ತಿರುವವರು, ಕೆಂಪು ದಿನ ಎಂದರೆ ಕೇಳದ ಗಂಡ ಇರುವವರು. ಕೊನೆಯವರಿಗಂತೂ ಯಾವ ಆಪ್ ಏನು ಮಾಡೀತು. ನಿಂತೇಬಿಟ್ಟಿದ್ದರೆ ಮನೆಮದ್ದು, ಪಪ್ಪಾಯಿ ಎಂದು ದಿನ ತಳ್ಳದೆ ವೈದ್ಯರ ಬಳಿ ಹೋಗಿ. ಗರ್ಭನಿರೋಧಕ ಕೈಕೊಟ್ಟಿದೆ ಎಂಬ ಕಾರಣಕ್ಕೆ 20 ವಾರದವರೆಗೆ ಗರ್ಭಪಾತಕ್ಕೆ ಕಾನೂನಿನಲ್ಲಿ ಅವಕಾಶವಿದೆ. 2021ರ ತಿದ್ದುಪಡಿಯ ನಂತರ ಮದುವೆಯಾಗದವರಿಗೂ.

ಖಾಸಗಿತನದ ಬಗ್ಗೆ ಒಂದೇ ಮಾತು: ಫ್ಲೋ ಎಂಬ ಮುಟ್ಟಿನ ಆಪ್ ಬಳಕೆದಾರರ ಮಾಹಿತಿಯನ್ನು ಫೇಸ್‌ಬುಕ್, ಗೂಗಲ್‌ನಂಥವರ ಜೊತೆ ಹಂಚಿಕೊಂಡ ಆರೋಪದಲ್ಲಿ 2021ರಲ್ಲಿ ಅಮೆರಿಕದ ಗ್ರಾಹಕ ಹಿತರಕ್ಷಣಾ ಸಂಸ್ಥೆ ಎಫ್‌ಟಿಸಿ ಜೊತೆ ರಾಜಿ ಮಾಡಿಕೊಂಡಿತು. ನಾನು ಅಡ್ಡಹೆಸರು, ಬೇರೆ ಇಮೇಲ್ ಕೊಟ್ಟಿದ್ದೇನೆ.

ಸ್ಟಾರ್: ಮೈ ಅರಿಯಲು ಐದು, ಗರ್ಭ ತಡೆಯಲು ಎರಡೂವರೆ. ಸಬ್‌ಸ್ಕ್ರಿಪ್ಷನ್ ಮುಗಿಯುತ್ತಾ ಬಂದಿದೆ, ಇನ್ನೊಂದು ವರ್ಷಕ್ಕೆ ಕಟ್ಟುತ್ತೇವೆ. ಈ ಸಲ ಹಣ ಗಂಡನ ಖಾತೆಯಿಂದ, ಆಪ್ ಅವರ ಫೋನಿನಲ್ಲೂ. ರಾತ್ರಿ ದೀಪ ಆರಿಸಿದ ಮೇಲೆ "ಇವತ್ತು ಯಾವ ಬಣ್ಣ?" ಎಂದು ನನ್ನನ್ನು ಕೇಳುವುದು ಇನ್ನು ನಡೆಯುವುದಿಲ್ಲ, ತಾವೇ ನೋಡಿಕೊಂಡು ಬರಬೇಕು. ಕಾಂಡೋಮ್ ತರುವುದೂ ಅವರೇ.